ಮೂವತ್ತೇಳು ನಿಮಿಷದ ಲಾಗ

ಬೆಳಿಗ್ಗೆ ಎಂಟು ಐವತ್ತಕ್ಕೆ ಸರಿಯಾಗಿ ಭದ್ರಾವತಿಯ ಹಿರಿಯಣ್ಣ ಫೌಂಡ್ರಿಯ ಗೇಟಿನಲ್ಲಿ ಹೆಬ್ಬೆಟ್ಟು ಒತ್ತಿದ ಯೋಗರಾಜ, ಒಂಬತ್ತು ಇಪ್ಪತ್ತೇಳಕ್ಕೆ ಒಳಗೆ ಬಂದನೆಂದು ಯಂತ್ರ ಬರೆದುಕೊಂಡಿತು. ಗೇಟು ದಾಟಲು ಅವನಿಗೆ ಬೇಕಾದದ್ದು ಎರಡು ಹೆಜ್ಜೆ. ಎರಡು ಹೆಜ್ಜೆಗೆ ಮೂವತ್ತೇಳು ನಿಮಿಷ ಹಿಡಿಯಲು ಅವನೇನು ಬಸವನಹುಳುವೇ?

ಇವತ್ತೊಂದು ದಿನದ ಕತೆಯಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಯಂತ್ರ ಕೂರಿಸಿದಂದಿನಿಂದ ನಿನ್ನೆಯವರೆಗಿನ ಹತ್ತೊಂಬತ್ತು ದಿನವೂ ಹೀಗೇ ಆಗಿತ್ತು. ಬೇರೆ ಯಾರಾದರೂ ಆಗಿದ್ದರೆ ಪ್ರೋಗ್ರಾಮು ಬರೆದವನಿಗೆ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಯೋಗರಾಜನಿಗೆ ಆ ಭಾಗ್ಯವೂ ಇರಲಿಲ್ಲ, ಏಕೆಂದರೆ ಬರೆದವನು ಅವನೇ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಸಾಲುಸಾಲಾಗಿ ಬರೆದಿಡುವ ಆ ಲಾಗ್, ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಶುರು, ಸಂಜೆ ಐದೂವರೆಗೆ ಮುಗಿಯಿತು ಎಂದು ಸೈರನ್ ಕೂಗಿಸುವ ಏರ್ಪಾಡು, ಎಲ್ಲ ಅವನದೇ ಕೈಕೆಲಸ. ಪ್ರೋಗ್ರಾಮು ಸರಿ ಎಂದರೆ ತಾನು ದಿನಾ ತಡ. ತಾನು ಸರಿ ಎಂದರೆ ಪ್ರೋಗ್ರಾಮು ಹಾಳು. ಅತ್ತ ದರಿ, ಇತ್ತ ಪುಲಿ.

ಸಾಲದ್ದಕ್ಕೆ ಇವತ್ತು ಅವನ ಆರು ತಿಂಗಳ ಪರೀಕ್ಷಾ ಅವಧಿಯ ಕೊನೆಯ ದಿನ. ಮಾಲೀಕ ಮಧುಸೂದನ ಇರುವುದು ಶಿವಮೊಗ್ಗದಲ್ಲಿ, ಫೌಂಡ್ರಿಗೆ ಬರುವುದು ವಾರಕ್ಕೆರಡು ಮಧ್ಯಾಹ್ನ. ನಿನ್ನೆ ಫೋನಿನಲ್ಲಿ ಅವರು ಚುಟುಕಾಗಿ ಹೇಳಿದ್ದರು: "ಯೋಗರಾಜ್, ನಿಮ್ಮನ್ನ ಖಾಯಂ ಮಾಡೋ ಲೆಟರ್ ರೆಡಿ ಇದೆ. ಆದ್ರೆ ಹತ್ತೊಂಬತ್ತು ದಿನ ಲೇಟು! ಒಂದೋ ನೀವು ಸರಿ ಇಲ್ಲ, ಇಲ್ಲ ನಿಮ್ಮ ಪ್ರೋಗ್ರಾಮ್ ಸರಿ ಇಲ್ಲ. ನಾಳೆ ನಾಲ್ಕು ಗಂಟೆಗೆ ಬರ್ತೀನಿ. ಯಾವುದು ಅಂತ ಹೇಳಿ."

"ಕೊಡಿ ಸಾರ್ ಮೊಬೈಲು," ಎಂದು ಗೇಟಿನ ಚೌಡಪ್ಪ ತಗಡಿನ ಡಬ್ಬ ಮುಂದೆ ಹಿಡಿದ. ಯಾರೋ ಕುಲುಮೆಯ ಮುಂದೆ ಕುಣಿದು ರೀಲ್ಸ್ ಮಾಡಿದ ಮೇಲೆ ಮೊಬೈಲುಗಳೆಲ್ಲ ಸಂಜೆಯವರೆಗೆ ಆ ಡಬ್ಬದೊಳಗೇ ವಾಸ.

"ನೋಡು ಚೌಡಪ್ಪ, ನನ್ನ ಮೊಬೈಲಲ್ಲಿ ಎಂಟು ಐವತ್ತು!"

ಚೌಡಪ್ಪ ಮೊಬೈಲು ನೋಡಲಿಲ್ಲ. ಗೇಟಿನ ಮೇಲಿನ ಗೋಡೆ ಗಡಿಯಾರಕ್ಕೆ ಗಲ್ಲ ಎತ್ತಿ ತೋರಿಸಿದ. ಒಂಬತ್ತು ಇಪ್ಪತ್ತೇಳು. ಗೋಡೆ ಗಡಿಯಾರ, ಕಂಪ್ಯೂಟರು, ಸೈರನ್ನು, ಮೂವರೂ ಒಂದೇ ಮಾತು ಹೇಳುವಾಗ ಒಬ್ಬಂಟಿ ಮೊಬೈಲಿನ ಸಾಕ್ಷಿಗೆ ಎಲ್ಲಿಯ ಬೆಲೆ? ಅದೂ ಡಬ್ಬದೊಳಗೆ ಬಿತ್ತು.

"ಅದೇನೋ ನಿಮ್ಮ ಕಂಪ್ಯೂಟರು ಲಾಗ ಹಾಕ್ತಾ ಇದೆಯಂತೆ ಸಾರ್?" ಚೌಡಪ್ಪ ಕಳಕಳಿಯಿಂದ ಕೇಳಿದ.

"ಲಾಗ ಅಲ್ಲ ಮಾರಾಯಾ, ಲಾಗ್!"

"ಅದೇ. ಸಣ್ಣೋನಿದ್ದಾಗ ಹೊಳೇಲಿ ನಾನೂ ಹಾಕ್ತಿದ್ದೆ. ಸೊಂಟ ಹಿಡ್ಕೊಂಡ್ರೆ ಕಷ್ಟ."

ಆಫೀಸಿನಲ್ಲಿ ಹಿರಿಯ ಗುಮಾಸ್ತ ಷಣ್ಮುಖಪ್ಪ ಕನ್ನಡಕದ ಮೇಲಿಂದ ನೋಡಿದರು. "ಇವತ್ತೂ ಲೇಟಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ಬಸ್ ಮುಂಚೆ ಹತ್ತು ಮಾರಾಯಾ."

"ಎಂಟು ಗಂಟೆ ಬಸ್ಸಿಗೇ ಹತ್ತಿದೀನಿ ಸಾರ್! ಶಿವಮೊಗ್ಗದ ವಿನೋಬನಗರದಿಂದ ಇಲ್ಲಿಗೆ ಬರೋಕೆ ಒಂದೂವರೆ ಗಂಟೆ ಬೇಕಾ?"

"ಹಾಗಾದ್ರೆ ನಿನ್ನ ಪ್ರೋಗ್ರಾಮೇ ಕೆಟ್ಟಿದೆ ಅನ್ನು."

ಯೋಗರಾಜನಿಗೆ ಮೈಯೆಲ್ಲ ಉರಿಯಿತು. ಆದರೆ ಉರಿಯ ಜೊತೆಗೇ ಒಂದು ಹುರುಪೂ ಏರಿತು. ಸಂಜೆ ನಾಲ್ಕರೊಳಗೆ ಆ ಮೂವತ್ತೇಳು ನಿಮಿಷವನ್ನು ಕುತ್ತಿಗೆ ಹಿಡಿದು ಹೊರಗೆಳೆಯುತ್ತೇನೆ ಎಂದು ತೋಳು ಮಡಿಸಿ ಗೇಟಿನ ಕಂಪ್ಯೂಟರಿನ ಮುಂದೆ ಕೂತ.

ಅಷ್ಟರಲ್ಲಿ ತೂಕದ ವಿಭಾಗದ ಪುಷ್ಪಾ ಬಂದಳು. "ಸಾರ್, ಒಂದ್ಮಾತು. ನೀವು ಬರೋ ಟೈಮ್ ಮಾತ್ರ ನೋಡ್ತಾ ಇದೀರಲ್ಲ..."

"ಪುಷ್ಪಾ, ದಯವಿಟ್ಟು. ಈಗ ಟೈಮಿಲ್ಲ!"

ಅವನ ಮೊದಲ ಅನುಮಾನ ಇಂಗ್ಲೆಂಡಿನ ಮೇಲೆ. ಯಂತ್ರ ಕೂರಿಸುವ ಮುನ್ನ ಪ್ರಯೋಗ ನಡೆಸಿದ್ದಾಗ ಲಾಗ್ ಎಲ್ಲವನ್ನೂ ಇಂಗ್ಲೆಂಡಿನ ಗಂಟೆಯಲ್ಲಿ ಬರೆದಿತ್ತು. ಇಲ್ಲಿ ಒಂಬತ್ತಾದರೆ ಅಲ್ಲಿ ಬೆಳಗಿನ ಜಾವ ಮೂರೂವರೆ. ಆಗ ಅವನು ಐದೂವರೆ ಗಂಟೆ ಕೂಡಿಸುವ ಒಂದು ಸಾಲು ಬರೆದು ಸರಿಪಡಿಸಿದ್ದ. ಆ ಸಾಲಿನಲ್ಲೇ ಏನೋ ಎಡವಟ್ಟಾಗಿರಬೇಕು ಎನಿಸಿ ಅದನ್ನು ಹೊಸದಾಗಿ ಬರೆದ. ಹಳೆಯ ಸಾಲನ್ನು ಅಳಿಸಲು ಮಾತ್ರ ಮರೆತ.

ಗೋಡೆ ಗಡಿಯಾರದಲ್ಲಿ ಸರಿಯಾಗಿ ಹನ್ನೆರಡು. ಕಂಪ್ಯೂಟರು ಹನ್ನೆರಡಕ್ಕೆ ಮತ್ತೊಂದು ಐದೂವರೆ ಕೂಡಿಸಿತು. ಸಂಜೆ ಐದೂವರೆಯಾಯಿತು. ಫೌಂಡ್ರಿಯ ಸೈರನ್ನು ಊರು ಹಾರಿಹೋಗುವಂತೆ ಕೂಗಿತು.

ಮುಂದೆ ನಡೆದದ್ದನ್ನು ನೋಡಿದರೆ ಯಾರಿಗಾದರೂ ಕಾರ್ಮಿಕರ ಶಿಸ್ತಿನ ಬಗ್ಗೆ ಗೌರವ ಹುಟ್ಟಬೇಕು. 'ಇಷ್ಟು ಬೇಗ ಸಂಜೆಯಾಯಿತೇ?' ಎಂದು ಒಬ್ಬರೂ ಕೇಳಲಿಲ್ಲ. ನಲವತ್ತು ಜನ ಎರಡು ನಿಮಿಷದಲ್ಲಿ ಕೈಕಾಲು ತೊಳೆದು, ಬುತ್ತಿಯ ಚೀಲ ಹೆಗಲಿಗೇರಿಸಿ ಗೇಟಿಗೆ ಬಂದು ಹೆಬ್ಬೆಟ್ಟು ಒತ್ತತೊಡಗಿದರು. ಯೋಗರಾಜ ಎರಡೂ ಕೈ ಚಾಚಿ ಅಡ್ಡ ನಿಂತ.

"ಯಾರೂ ಹೋಗ್ಬೇಡಿ! ಇನ್ನೂ ಮಧ್ಯಾಹ್ನ! ತಲೆ ಮೇಲೆ ಸೂರ್ಯ ಕಾಣಿಸ್ತಿಲ್ವಾ?"

"ಸೈರನ್ ಅಂದ್ರೆ ಸೈರನ್ ಸಾರ್," ಎಂದು ಚೌಡಪ್ಪ ಗೇಟು ತೆಗೆದೇಬಿಟ್ಟ. "ಸೂರ್ಯನ್ನ ನೋಡೋಕೆ ನಂಗೆ ಆರ್ಡರಿಲ್ಲ."

ಅಡುಗೆಮನೆಯಿಂದ ದ್ಯಾಮಮ್ಮ ಸೌಟು ಹಿಡಿದು ಓಡಿಬಂದಳು. "ಎಲ್ಲಾ ಹೊರಟ್ರೆ ನಾನು ಬೇಯಿಸಿದ್ದನ್ನ ಯಾರು ತಿನ್ನೋರು? ನಿಮ್ಮ ಕಂಪ್ಯೂಟರ್ ತಿನ್ನುತ್ತಾ?" ಯೋಗರಾಜ ಒಬ್ಬೊಬ್ಬರನ್ನೇ ಕೈಹಿಡಿದು ಬೇಡಿ ಒಳಗೆ ಕಳಿಸುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ಬಸ್ ಸ್ಟಾಪಿನವರೆಗೆ ಓಡಿ ಪುಷ್ಪಾಳನ್ನೂ ಕರೆತಂದ.

"ನಾನು ಹೇಳ್ತಾನೇ ಇದೀನಿ ಸಾರ್," ಅವಳು ದಾರಿಯುದ್ದಕ್ಕೂ ಅಂದಳು. "ಈ ಟೈಮಿನ ತಂಟೆ ಬೇಡ. ಒಂದ್ಸಲ ಹೋಗೋ ಟೈಮು..."

"ಟೈಮಿಲ್ಲ ಪುಷ್ಪಾ, ನಿಜವಾಗ್ಲೂ ಟೈಮಿಲ್ಲ!"

ಹೊಸ ಸಾಲನ್ನು ಅಳಿಸಿದ. ಲಾಗ್ ಮತ್ತೆ ಗೋಡೆ ಗಡಿಯಾರದ ಜೊತೆ ಹೆಜ್ಜೆ ಹಾಕಿತು. ಇಂಗ್ಲೆಂಡು ನಿರಪರಾಧಿ. ಎಲ್ಲ ಸಾಲುಗಳನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ನೋಡಿದ. ಮೂವತ್ತೇಳು ಎಂಬ ಅಂಕಿಯೇ ಅಲ್ಲಿರಲಿಲ್ಲ. ಷಣ್ಮುಖಪ್ಪ ಬಂದು, ಯಂತ್ರ ಕೂರಿಸಿದ್ದು ರಾಹುಕಾಲದಲ್ಲಿ ಎಂದು ಪಂಚಾಂಗ ತೆರೆದು ತೋರಿಸಿದರು. ದ್ಯಾಮಮ್ಮ ಒಂದು ನಿಂಬೆಹಣ್ಣು ತಂದು ಕಂಪ್ಯೂಟರಿನ ಮೇಲಿಟ್ಟಳು. ಯೋಗರಾಜ ಅದನ್ನು ತೆಗೆಯುವ ಧೈರ್ಯ ಮಾಡಲಿಲ್ಲ, ಯಾರಿಗೆ ಗೊತ್ತು?

ಊಟ ಮುಗಿದು ಅರ್ಧ ಗಂಟೆಯಾಗಿರಬೇಕು, ಕರೆಂಟು ಹೋಯಿತು. ಕಂಪ್ಯೂಟರು ಕಣ್ಣು ಮುಚ್ಚಿತು. ಐದು ನಿಮಿಷಕ್ಕೆ ಕರೆಂಟು ಬಂದಾಗ ಅದು ಎದ್ದು, ಇಪ್ಪತ್ತು ವರ್ಷ ಹಿಂದಿನ ಯಾವುದೋ ಜನವರಿ ಒಂದನೇ ತಾರೀಕು ತೋರಿಸಿತು. ಯೋಗರಾಜ ಕಕ್ಕಾಬಿಕ್ಕಿಯಾಗಿ ನೋಡುತ್ತಿರುವಾಗಲೇ ಚೌಡಪ್ಪ ಒಳಗೆ ಬಂದ. "ಸ್ವಲ್ಪ ಸರೀರಿ ಸಾರ್," ಎಂದು ಕೀಲಿಮಣೆ ಎಳೆದುಕೊಂಡು ಒಂದೇ ಬೆರಳಿನಲ್ಲಿ ತಾರೀಕು ಕುಟ್ಟಿದ. ಆಮೇಲೆ ಕತ್ತೆತ್ತಿ ಗೋಡೆ ಗಡಿಯಾರ ನೋಡಿದ. ಕತ್ತು ಬಗ್ಗಿಸಿ ಗಂಟೆ ಕುಟ್ಟಿದ.

ಯೋಗರಾಜ ಕುರ್ಚಿಯಿಂದ ಎದ್ದ. "ಚೌಡಪ್ಪ... ನೀನು ಇದನ್ನ ದಿನಾ ಮಾಡ್ತೀಯಾ?"

"ದಿನಾ ಬೆಳಿಗ್ಗೆ ಸಾರ್. ಇದ್ರೊಳಗಿನ ಸೆಲ್ಲು ಸತ್ತೋಗಿದೆಯಂತೆ. ಆಫ್ ಮಾಡಿದ್ರೆ ಎಲ್ಲಾ ಮರೀತದೆ. ಗಡಿಯಾರ ನೋಡಿ ಹಾಕು ಅಂತ ರಿಪೇರಿಯವನು ಹೇಳಿಕೊಟ್ಟಿದ್ದ."

"ಡಬ್ಬ ತೆಗಿ! ನನ್ನ ಮೊಬೈಲ್ ತೆಗಿ!"

ಮೊಬೈಲಿನಲ್ಲಿ ಎರಡು ಗಂಟೆ ಮೂರು ನಿಮಿಷ. ಗೋಡೆಯ ಮೇಲೆ ಎರಡು ನಲವತ್ತು. ಡಬ್ಬದಲ್ಲಿದ್ದ ಉಳಿದ ಮೊಬೈಲುಗಳನ್ನೂ ಒಂದೊಂದಾಗಿ ಬೆಳಗಿಸಿ ನೋಡಿದ. ಎಲ್ಲದರಲ್ಲೂ ಎರಡು ಮೂರು. ಮೂವತ್ತೇಳು ನಿಮಿಷದ ಕಳ್ಳ ಪ್ರೋಗ್ರಾಮಿನಲ್ಲಿರಲಿಲ್ಲ, ಮೊಳೆಗೆ ನೇತುಬಿದ್ದಿದ್ದ! ಯೋಗರಾಜ ಕುಣಿದುಬಿಟ್ಟ. ಕುಲುಮೆಯ ಮುಂದೆ ಕುಣಿದವನು ನೋಡಿದ್ದರೂ ನಾಚಿಕೊಳ್ಳಬೇಕು, ಹಾಗೆ ಕುಣಿದ.

"ಈ ಗಡಿಯಾರ ಮುಂದಿಟ್ಟೋರು ಯಾರು?"

ಚೌಡಪ್ಪ ತಲೆ ಕೆರೆದುಕೊಂಡ. "ಹತ್ತು ನಿಮಿಷ ನಾನಿಟ್ಟೆ ಸಾರ್. ಜನ ಲೇಟಾಗಿ ಬರ್ಬಾರ್ದು ಅಂತ. ಮನೇಲೂ ಎಲ್ರೂ ಹಂಗೇ ಇಡ್ತಾರಲ್ವಾ?"

"ನೀನೂ ಇಟ್ಟಿದ್ಯಾ?" ಷಣ್ಮುಖಪ್ಪ ಬೆಚ್ಚಿದರು. "ನಾನು ಆಯುಧಪೂಜೆ ದಿನ ಒರೆಸಿ ಕುಂಕುಮ ಇಡುವಾಗ ಹದಿನೈದು ಮುಂದೆ ತಿರುಗಿಸಿದ್ದೆನಲ್ಲೋ!"

"ಹದಿನೈದು, ಹತ್ತು, ಇಪ್ಪತ್ತೈದು! ಇನ್ನು ಹನ್ನೆರಡು ಎಲ್ಲಿ?" ಯೋಗರಾಜನ ದನಿ ಹರಾಜು ಕೂಗುವವನಂತೆ ಏರಿತು. ಅವನ ಕಣ್ಣು ದ್ಯಾಮಮ್ಮನ ಮೇಲೆ ಬಿತ್ತು. ದ್ಯಾಮಮ್ಮ ಸೆರಗು ಸರಿಮಾಡಿಕೊಂಡಳು.

"ನಾನೂ ಹತ್ತೇ ಇಡೋಣ ಅಂತ ಸ್ಟೂಲು ಹತ್ತಿದ್ದೆ ತಮ್ಮಾ. ಎಲ್ಲಾ ತಡವಾಗಿ ಊಟಕ್ಕೆ ಬಂದು ಸಾರು ಆರಿಹೋಗ್ತಿತ್ತು. ಸ್ಟೂಲು ಅಲ್ಲಾಡ್ತು. ಕೈ ಜಾರಿ ಹನ್ನೆರಡಾಯ್ತು."

ಮೂವತ್ತೇಳು! ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆ ಇಲ್ಲ. ಯೋಗರಾಜ ದ್ಯಾಮಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಹತ್ತೊಂಬತ್ತು ದಿನದ ಲಾಗಿನಿಂದಲೂ ಮೂವತ್ತೇಳು ನಿಮಿಷ ಕಳೆದು, ಬಿಸಿಬಿಸಿ ಹಾಳೆಗಳನ್ನು ಪ್ರಿಂಟು ತೆಗೆದ. ಅವನ ಹೆಸರಿನ ಮುಂದೆ ಎಂಟು ಐವತ್ತು, ಎಂಟು ಐವತ್ತು, ಎಂಟು ಐವತ್ತು! ಕಣ್ಣಿಗೆ ಹಬ್ಬ.

"ಸಾರ್," ಪುಷ್ಪಾ ಬಾಗಿಲಲ್ಲಿ ನಿಂತಿದ್ದಳು. "ಅದನ್ನ ಮಾಲೀಕರಿಗೆ ಕೊಡೋಕೆ ಮುಂಚೆ ಒಂದೇ ಒಂದ್ನಿಮಿಷ..."

"ಬಂದೇಬಿಟ್ರು ಪುಷ್ಪಾ, ಕಾರು ಬಂತು! ಟೈಮಿಲ್ಲ!"

ಮಧುಸೂದನರ ಕೋಣೆಯಲ್ಲಿ ಯೋಗರಾಜ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಸತ್ತ ಸೆಲ್ಲು, ಚೌಡಪ್ಪನ ಹತ್ತು, ಷಣ್ಮುಖಪ್ಪನವರ ಹದಿನೈದು, ದ್ಯಾಮಮ್ಮನ ಸ್ಟೂಲು. ಕಿಟಕಿಯಾಚೆ ಇಡೀ ಫೌಂಡ್ರಿಯೇ ಕಿವಿಯಾಗಿ ನಿಂತಿತ್ತು. ಮಾಲೀಕರು ತಡೆಯಲಾರದೆ ನಕ್ಕರು.

"ಹಾಗಾದ್ರೆ ಪ್ರೋಗ್ರಾಮೂ ಸರಿ, ನೀವೂ ಸರಿ. ಭಲೇ!" ಎಂದು ಡ್ರಾಯರಿನಿಂದ ಪತ್ರ ತೆಗೆದರು. ಪೆನ್ನಿನ ಮುಚ್ಚಳ ತೆರೆದರು. ಸಹಿ ಹಾಕಲು ಬಗ್ಗಿದ ಅವರ ಕಣ್ಣು, ಪಕ್ಕದಲ್ಲೇ ಇದ್ದ ಹಾಳೆಯ ಬಲತುದಿಗೆ ಹೋಯಿತು.

"ಇದೇನ್ರೀ? ಎಲ್ರೂ ನಾಲ್ಕು ಐವತ್ತಮೂರಕ್ಕೆ ಮನೆಗೆ ಹೋಗಿದಾರೆ?"

ಬರುವಾಗ ಗಡಿಯಾರ ನೋಡುವ ಮನುಷ್ಯ ಹೋಗುವಾಗ ನೋಡುವುದಿಲ್ಲ. ಸೈರನ್ ಕೂಗಿದ ಕೂಡಲೇ ಡಬ್ಬದಿಂದ ಮೊಬೈಲು ಕಿತ್ತು ಜೇಬಿಗೆ ತುರುಕಿ ಬಸ್ಸಿಗೆ ಓಡುತ್ತಿದ್ದ ಯೋಗರಾಜನಿಗೆ ಅದು ಈಗ ಹೊಳೆಯಿತು. ಬರುವುದು ಮೂವತ್ತೇಳು ನಿಮಿಷ ಹಿಂದೆ ಸರಿದರೆ ಹೋಗುವುದೂ ಸರಿಯಲೇಬೇಕಲ್ಲ! ಕಿಟಕಿಯಾಚೆಯ ನಲವತ್ತು ಜೋಡಿ ಕಣ್ಣು ಅವನನ್ನೇ ಸುಡುತ್ತಿದ್ದವು.

ಪುಷ್ಪಾ ಒಳಗೇ ಬಂದುಬಿಟ್ಟಳು. "ಸಾರ್, ಹೋಗಿದ್ದು ಮಾತ್ರ ನೋಡ್ಬೇಡಿ. ನಾವು ಬಂದಿದ್ದೂ ನೋಡಿ. ಸೈರನ್ ನಂಬಿ ಎಲ್ಲಾ ಎಂಟು ಹದಿನೆಂಟಕ್ಕೇ ಬಂದಿದೀವಿ. ಬೆಳಿಗ್ಗೆಯಿಂದ ಇದನ್ನೇ ಹೇಳೋಕೆ ಒದ್ದಾಡ್ದೆ, ಇವರಿಗೆ ಟೈಮೇ ಇರ್ಲಿಲ್ಲ."

ಮಾಲೀಕರು ಬೆರಳು ಮಡಿಸಿ ಎಣಿಸಿದರು. ಎಂಟು ಹದಿನೆಂಟರಿಂದ ನಾಲ್ಕು ಐವತ್ತಮೂರು. ಎಂಟೂವರೆ ಗಂಟೆ ಪೂರ್ತಿ, ಮೇಲೆ ಐದು ನಿಮಿಷ ಕೊಸರು. "ಪರವಾಗಿಲ್ಲ, ಮೋಸ ಇಲ್ಲ," ಎಂದರು. ಕಿಟಕಿಯಾಚೆ ನಲವತ್ತು ಎದೆಗಳು ಒಟ್ಟಿಗೆ ಉಸಿರು ಬಿಟ್ಟವು. ಮಾಲೀಕರ ಬೆರಳು ಮಾತ್ರ ನಿಲ್ಲದೆ ಹಾಳೆಯ ಮೇಲೆ ಕೆಳಕೆಳಗೆ ಜಾರಿ ಕೊನೆಯ ಹೆಸರಿನ ಮೇಲೆ ನಿಂತಿತು.

"ಯೋಗರಾಜ್. ಬಂದಿದ್ದು ಎಂಟು ಐವತ್ತು. ಹೋಗಿದ್ದು ನಾಲ್ಕು ಐವತ್ತಮೂರು."

"ಸಾರ್..."

"ಅಂದ್ರೆ ದಿನಾ ಇಪ್ಪತ್ತೇಳು ನಿಮಿಷ ಕಮ್ಮಿ. ಇಡೀ ಫೌಂಡ್ರೀಲಿ ಪೂರ್ತಿ ಕೆಲಸ ಮಾಡದೇ ಇರೋನು ಒಬ್ಬನೇ. ಅದನ್ನ ನಿಮ್ಮ ಪ್ರೋಗ್ರಾಮೇ ಹೇಳ್ತಿದೆ. ಪ್ರೋಗ್ರಾಮ್ ಸರಿ ಇದೆ ಅಂತ ಈಗ ತಾನೇ ನೀವೇ ಹೇಳಿದ್ರಿ."

ಬೆಳಿಗ್ಗೆ ಬರುವ ಕಡೆ ಕೂತಿದ್ದ ಇಪ್ಪತ್ತೇಳು ನಿಮಿಷ ಎಲ್ಲಿಗೂ ಹೋಗಿರಲಿಲ್ಲ. ಒಂದು ಲಾಗ ಹಾಕಿ ಹೋಗುವ ಕಡೆ ಬಂದು ಕೂತಿತ್ತು, ಅಷ್ಟೇ. ಚೌಡಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ.

ಮಾಲೀಕರು ಪೆನ್ನಿನ ಮುಚ್ಚಳ ಹಾಕಿದರು. ಪತ್ರ ಡ್ರಾಯರಿಗೆ ಮರಳಿತು. "ಇನ್ನು ಮೂರು ತಿಂಗಳು ನೋಡೋಣ. ಗಡಿಯಾರ ಹೇಗಿದೆಯೋ ಹಾಗೇ ಇರ್ಲಿ, ಜನಕ್ಕೆ ಒಗ್ಗಿದೆ. ನೀವು ನಾಳೆಯಿಂದ ಒಂಬತ್ತಕ್ಕೆ ಸರಿಯಾಗಿ ಬನ್ನಿ, ಐದೂವರೆಗೆ ಸರಿಯಾಗಿ ಹೋಗಿ."

ಯೋಗರಾಜ ಬಾಗಿಲವರೆಗೆ ಹೋದವನು ತಿರುಗಿ ಬಂದ. "ಸಾರ್, ಒಂಬತ್ತು ಅಂದ್ರೆ... ಯಾವ ಒಂಬತ್ತು? ಗೋಡೇದಾ, ಮೊಬೈಲಿಂದಾ?"

"ಯಾವುದು ಮೊದ್ಲು ಬರುತ್ತೋ ಅದು."

"ಐದೂವರೆ?"

"ಯಾವುದು ಕೊನೇಗೆ ಬರುತ್ತೋ ಅದು."