ಎಕ್ಸರೇ ವ್ಯಾನೂ ಅರಿಶಿನದ ಕೊಂಬೂ

ಕೆಲವರಿಗೆ ದಾರಿಯಲ್ಲಿ ನಡೆದರೆ ನಾಣ್ಯ ಸಿಗುತ್ತದಂತೆ. ನನಗೆ ಸಿಗುವುದು ಬರೀ ಗೊಂದಲ. ಐವತ್ತರ ದಶಕದ ಕೊನೆಯಲ್ಲಿ ಎಕ್ಸರೇ ಓದಿ ಆಗಷ್ಟೇ ಹೊರಬಿದ್ದಿದ್ದ ನನಗೆ ಬೆಂಗಳೂರಿನ ವೈದ್ಯರ ಸಂಘವೊಂದು ಒಂದು ವರ್ಷದ ಫೆಲೋಶಿಪ್ ಕೊಟ್ಟಿತು. ಎಕ್ಸರೇ ಡಾಕ್ಟರುಗಳಿಗೂ ಊರಿನ ಡಾಕ್ಟರುಗಳಿಗೂ ಜನರಿಗೂ ನಡುವೆ ಬಾಂಧವ್ಯ ಬೆಳೆಸಬೇಕಂತೆ. ಹೇಗೆ ಅಂತ ಸಂಘದ ಹಿರಿಯ ಡಾಕ್ಟರನ್ನು ಕೇಳಿದೆ.

"ಅದು ಗೊತ್ತಿದ್ದಿದ್ರೆ ನಾವೇ ಮಾಡ್ತಿರ್ಲಿಲ್ವೇನಯ್ಯಾ?" ಅಂದರು.

ಒಂದು ಎಕ್ಸರೇ ವ್ಯಾನು, ಒಬ್ಬ ಡ್ರೈವರು, ಜೊತೆಗೊಂದು ಎಚ್ಚರಿಕೆ. ವರ್ಷದ ಕೊನೆಗೆ ಜನ, ಅದರಲ್ಲೂ ಹೆಂಗಸರು, ಬರದಿದ್ದರೆ ವ್ಯಾನು ಬೆಂಗಳೂರಿಗೆ ವಾಪಸ್ಸು. ವ್ಯಾನು ಹೋಗಬೇಕಾದ ಚಿಕ್ಕಬಳ್ಳಾಪುರದ ಕಡೆ ಕ್ಷಯ ಜಾಸ್ತಿ, ಬೇರೆ ಎಕ್ಸರೇ ಯಂತ್ರ ಇಲ್ಲ. ನನಗೆ ನಿದ್ದೆ ಹಾರಿಹೋಯಿತು.

ಚಿಕ್ಕಬಳ್ಳಾಪುರ

ಮೊದಲು ಊರಿನ ಹಳೆಯ ಡಾಕ್ಟರ ಸ್ನೇಹ ಮಾಡೋಣ ಅಂತ ಹೋದೆ. ನಾಡಿ ಹಿಡಿದೇ ಹೆಸರು ಮಾಡಿದವರು. ಪರೀಕ್ಷೆಗೆಂದು ಒಬ್ಬ ರೋಗಿಯನ್ನು ಕಳಿಸಿದರು. ಎಕ್ಸರೇ ತೆಗೆದು, "ಈತನ ಪಕ್ಕೆಲುಬು ಹಿಂದೆ ಯಾವಾಗಲೋ ಮುರಿದು ಕೂಡಿಕೊಂಡಿದೆ" ಅಂದೆ.

"ಗಾಡಿಯಿಂದ ಬಿದ್ದಾಗ ಕಟ್ಟು ಹಾಕಿದ್ದೇ ನಾನು. ಗೊತ್ತಿರೋದನ್ನ ಹೇಳೋಕೆ ಇಷ್ಟು ದೊಡ್ಡ ವ್ಯಾನು ಬೇಕೇನಪ್ಪಾ?"

ಇನ್ನೊಬ್ಬನನ್ನು ಕಳಿಸಿದರು. ಅವನ ಶ್ವಾಸಕೋಶದಲ್ಲಿ ಸ್ವಲ್ಪ ನೀರು ತುಂಬಿತ್ತು. ಈ ಸಲ ಗೆದ್ದೆ ಅಂದುಕೊಂಡು ಓಡಿಹೋಗಿ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನನಗೇ ಗೊತ್ತಿಲ್ದೆ ಇರೋದು ನಿನ್ ವ್ಯಾನಿಗೆ ಹೇಗಯ್ಯಾ ಗೊತ್ತಾಗತ್ತೆ?"

ಶಿಡ್ಲಘಟ್ಟ

ಇಲ್ಲಿ ವ್ಯಾನು ನಿಂತದ್ದೇ ತಡ, ನೂಲು ತೆಗೆಯುವ ಸಾಹೇಬರೊಬ್ಬರು ಹತ್ತಿ ಬಂದರು. ಕೆಮ್ಮುತ್ತಿದ್ದರು. ಸದ್ಯ, ತಾವಾಗೇ ಒಬ್ಬರು ಬಂದರಲ್ಲ ಅಂತ ಖುಷಿಯಾಯಿತು. ಆದರೆ ಅವರ ಕಂಕುಳಲ್ಲಿ ಒಂದು ಬುಟ್ಟಿ ರೇಷ್ಮೆಗೂಡು. ಅಲ್ಲಿ ಗೂಡು ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಯೋಗಕ್ಷೇಮ ತಿಳಿಯುತ್ತಾರೆ. ಇನ್ನು ಆ ಕಷ್ಟ ಬೇಡ ಅಂತ ಅವರ ಲೆಕ್ಕಾಚಾರ.

"ಒಳಗೆ ಹುಳ ಚೆನ್ನಾಗಿದೆಯಾ, ಕೊಳೆತಿದೆಯಾ, ಸ್ವಲ್ಪ ನೋಡಿ ಹೇಳಿ ಡಾಕ್ಟರ್ ಸಾಬ್."

"ಇದು ಮನುಷ್ಯರ ಒಳಗೆ ನೋಡೋ ಯಂತ್ರ ಸಾಹೇಬ್ರೆ. ನೀವು ನಿಂತ್ಕೊಳ್ಳಿ, ನಿಮ್ಮ ಎದೆ ನೋಡೋಣ."

ಅವರು ನನ್ನನ್ನೇ ಕನಿಕರದಿಂದ ನೋಡಿ ಬುಟ್ಟಿ ಎತ್ತಿಕೊಂಡರು.

"ಮನುಷ್ಯರ ಒಳಗೆ ನೋಡಿ ಏನ್ ಮಾಡ್ತೀರ? ಅವರನ್ನ ಯಾರು ಕೊಳ್ತಾರೆ?"

ಚಿಂತಾಮಣಿ

ತರಕಾರಿ ಮಂಡಿಯ ಯಜಮಾನರೊಬ್ಬರು ಮದುವೆಗೆ ಹೊರಟವರ ಹಾಗೆ ಜರಿ ಪೇಟ ಸುತ್ತಿಕೊಂಡು, ಮಂಡಿಯವರೆಲ್ಲ ನೋಡುತ್ತಿದ್ದ ಹಾಗೆ ವ್ಯಾನು ಹತ್ತಿದರು. ಎದೆ ಸ್ಫಟಿಕದಂತೆ ಶುಭ್ರವಾಗಿತ್ತು. "ಏನೂ ಇಲ್ಲ ಯಜಮಾನ್ರೆ" ಅಂದೆ. ಮುಖ ಕಪ್ಪಿಟ್ಟಿತು.

"ಏಮೀ ಲೇದಾ? ಸರಿಯಾಗಿ ನೋಡ್ರೀ. ಪಕ್ಕದ ಮಂಡಿಯೋನಿಗೆ ಏನೋ ಇದೆ ಅಂದ್ರಂತೆ. ಅವನಿಗಿಂತ ನಾನೇನು ಕಡಿಮೆನಾ?"

ಗೌರಿಬಿದನೂರು

ವರ್ಷ ಮುಗಿಯುತ್ತ ಬಂತು. ಗಂಡಸರು ಅಷ್ಟಿಷ್ಟು ಬಂದರು, ಹೆಂಗಸರು ಮಾತ್ರ ಒಬ್ಬರೂ ಇಲ್ಲ. ಯಾಕೆ ಅಂತ ನನಗೆ ಅರ್ಥವಾದದ್ದು ಗೌರಿಬಿದನೂರಿನಲ್ಲಿ. ಒಬ್ಬ ಅತ್ತೆ, ಕೆಮ್ಮಿ ಕೆಮ್ಮಿ ಸೊರಗಿದ್ದ ಸೊಸೆಯನ್ನೂ ಮಗನನ್ನೂ ಕರೆದುಕೊಂಡು ಬಂದರು.

"ಬಂಗಾರ ಅಡ್ಡ ಬಂದ್ರೆ ಅದರ ಹಿಂದೆ ಇರೋದು ಕಾಣಲ್ಲಮ್ಮ. ತಾಳಿ ಸರ ತೆಗೀಬೇಕು" ಅಂದೆ.

"ಅಯ್ಯೋ ಬಿಡ್ತು ಅನ್ನಪ್ಪ! ಗಂಡ ಕಂಬದ ಹಾಗೆ ಎದುರಿಗೇ ನಿಂತಿದಾನೆ!"

ಸೊಸೆಯನ್ನು ಎಳೆದುಕೊಂಡು ಹೊರಟೇಬಿಟ್ಟರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಆ ಹುಡುಗಿಗೆ ಕೆಮ್ಮು ಬಂತು. ಅತ್ತೆ ನಿಂತು ನನ್ನ ಕಡೆ ತಿರುಗಿದರು.

"ತಾಳಿ ಅಕ್ಕಸಾಲಿಗರ ಹತ್ರ ರಿಪೇರಿಗೆ ಹೋದಾಗ ನಾವೇನು ಬರೀ ಕತ್ತಲ್ಲಿ ಇರ್ತೀವಾ? ಅರಿಶಿನದ ಕೊಂಬು ಕಟ್ಕೊಳಲ್ವಾ? ಅದಾದ್ರೆ ಆಗತ್ತೇನಪ್ಪ?"

"ಧಾರಾಳವಾಗಿ ಆಗತ್ತಮ್ಮ!"

ಕೊಂಬು ಬಂತು, ದಾರ ಬಂತು. ಮಗನ ಕೈಯಿಂದಲೇ ಕಟ್ಟಿಸಿ, ಆಮೇಲೆ ಬಂಗಾರದ ಸರ ತೆಗೆಸಿದರು. ನಮ್ಮ ಡ್ರೈವರಿಗೆ ಅದೇನು ಹುರುಪು ಬಂತೋ, ಗಟ್ಟಿಮೇಳದ ಬದಲು ಹಾರನ್ ಹೊಡೆದ. ಸೊಸೆಗೆ ಕ್ಷಯ ಆಗತಾನೇ ಶುರುವಾಗಿತ್ತು. ಇಂಜೆಕ್ಷನ್ನು, ಮಾತ್ರೆಯಲ್ಲಿ ಹುಡುಗಿ ಉಳಿದುಕೊಂಡಳು. ಸುದ್ದಿ ಹಬ್ಬಿ, ಪಕ್ಕದ ಅಲೀಪುರದ ಬುರ್ಖಾದ ಅಮ್ಮಂದಿರಿಂದ ಹಿಡಿದು ಎಲ್ಲರೂ ಸಾಲುಗಟ್ಟಿದರು. ತಾಳಿಯವರೆಲ್ಲ ಕೊಂಬು ಕಟ್ಟಿಕೊಂಡೇ ಬಂದರು.

ಕೊನೆಯ ದಿನ

ವ್ಯಾನಿನ ಹಣೆಬರಹ ತೀರ್ಮಾನಿಸಲು ಬೆಂಗಳೂರಿನಿಂದ ಸಂಘದ ಹಿರಿಯ ಡಾಕ್ಟರು ಚಿಕ್ಕಬಳ್ಳಾಪುರಕ್ಕೆ ಬಂದರು. ಫಿಲ್ಮುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾ ಹೋದ ಹಾಗೆ ಅವರ ಹುಬ್ಬು ಗಂಟಿಕ್ಕಿತು.

"ಏನಯ್ಯಾ ಇದು? ಎಷ್ಟೊಂದು ಜನಕ್ಕೆ ಎದೆ ಮೇಲೆ ಬೆರಳಿನಂಥ ಮಸುಕು! ಒಬ್ಬರಿಗೆ ಎಡಕ್ಕೆ, ಒಬ್ಬರಿಗೆ ಬಲಕ್ಕೆ. ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. ಗಂಡಸರಿಗೆ ಯಾಕಿಲ್ಲ?"

ನಾನು ಕೊಂಬಿನ ವಿಷಯವನ್ನೇ ಹೇಳಬೇಕು ಅಂತ ಹೊರಟೆ, ಆದರೆ ಅವರ ಗಾಬರಿ ಕಂಡು ಮಾತು ತಡವರಿಸಿತು. "ಇದು ಮದುವೆಯಾದ ಹೆಂಗಸರಿಗೆ ಮಾತ್ರ ಸಾರ್."

"ಯಾವಾಗ ಶುರುವಾಗತ್ತೆ?"

"ಮುಹೂರ್ತದ ಹೊತ್ತಿಗೆ."

"ವಾಸಿಯಾಗಲ್ವಾ?"

"ವಾಸಿಯಾಗದೇ ಇರ್ಲಿ ಅಂತ ಅವರೇ ದಿನಾ ದೇವರಿಗೆ ಕೈ ಮುಗೀತಾರೆ ಸಾರ್."

ಅವರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. ನಾನು ಅತ್ತೆಯ ಕಥೆ ಪೂರ್ತಿ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು. ವ್ಯಾನು ಹೋಯಿತು ಅಂತಲೇ ತಿಳಿದೆ.

"ವ್ಯಾನು ಇಲ್ಲೇ ಇರ್ಲಿ" ಅಂದರು ಮೆಲ್ಲಗೆ. "ನಾಳೆ ನಮ್ಮ ಮನೆಯವರನ್ನ ಕರ್ಕೊಂಡು ಬರ್ತೀನಿ. ಎಷ್ಟು ದಿನದಿಂದ ಕೆಮ್ಮುತ್ತಾಳೆ, ಎಕ್ಸರೇಗೆ ಬಾರೇ ಅಂದ್ರೆ ತಾಳಿ ತೆಗೆಯಲ್ಲ ಅಂತಾಳೆ. ನಾನು ಹೇಳಿದ್ರೆ ಕೇಳಲ್ಲ ಕಣಯ್ಯಾ, ಆ ಗೌರಿಬಿದನೂರಿನ ಅಮ್ಮನ್ನ ಸ್ವಲ್ಪ ಕರೆಸ್ತೀಯಾ?"