ಮೆಟ್ಟಿಲುಬಾವಿಯ ದೆವ್ವಕ್ಕೆ ಹೆದರುವವರು ಬೇಕಾಗಿದ್ದಾರೆ

ದೆವ್ವದ ಸಿನಿಮಾ ತೆಗೆದವರ ಜೊತೆ ನಾಲ್ಕು ದಿನ ಓಡಾಡಿ ನೋಡಿ, ನಗುವುದಕ್ಕೆ ಬೇರೆ ಯಾರ ಸಹವಾಸವೂ ಬೇಕಾಗುವುದಿಲ್ಲ. ನಾನು ಓಡಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ದಾವಣಗೆರೆಯವಳು. ಅಹಮದಾಬಾದಿನಲ್ಲಿ ಹಳೆಯ ಸಿನಿಮಾ ರೀಲುಗಳನ್ನು ತೊಳೆದು, ಗೀರು ಅಳಿಸಿ, ಕಂಪ್ಯೂಟರಿಗೆ ಏರಿಸುವ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಒಂದು ದಿನ ನಮ್ಮ ಬಾಸ್ ಕರೆದು, "ಇಲ್ಲೇ ಊರಂಚಿನ ಬೋಪಾಲ್‌ನಲ್ಲಿ ನಿಮ್ಮ ಕನ್ನಡದವರೊಬ್ಬರು ಮಗಳ ಮನೆಯಲ್ಲಿದ್ದಾರೆ. ಒಂದು ಕಾಲದ ದೊಡ್ಡ ಡೈರೆಕ್ಟರು, ಹಿಂದಿಯಲ್ಲಿ ಹನ್ನೊಂದು ದೆವ್ವದ ಸಿನಿಮಾ ತೆಗೆದವರು. ಅವರ ಮೆಟ್ಟಿಲುಬಾವಿಯ ಸಿನಿಮಾವನ್ನು ನಾವು ಆರು ತಿಂಗಳು ಕೂತು ಶುಚಿ ಮಾಡಿದ್ದೇವೆ. ಬಿಡುಗಡೆಗೆ ಅವರದೊಂದು ಸಹಿ ಬೇಕು, ಹೋಗಿ ತಗೊಂಡು ಬಾ" ಎಂದರು.

ಆ ಸಿನಿಮಾದ ಕಥೆ ಇಷ್ಟೇ. ಜಮೀನ್ದಾರನೊಬ್ಬ ಹೆಂಡತಿಯನ್ನು ಮೆಟ್ಟಿಲುಬಾವಿಗೆ ತಳ್ಳುತ್ತಾನೆ. ಅವಳು ಮುಳುಗಿ ಸಾಯುತ್ತಾಳೆ. ಆಮೇಲೆ ಬಿಳಿ ಸೀರೆ ಉಟ್ಟು, ಕೂದಲು ಬಿಚ್ಚಿಕೊಂಡು, ಮೈತುಂಬ ಒಡವೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾಳೆ. ನಲವತ್ತು ವರ್ಷದ ಹಿಂದೆ ಇದನ್ನು ನೋಡಿ ಥಿಯೇಟರಿನಲ್ಲಿ ಜನ ಎದ್ದು ಓಡಿದ್ದರಂತೆ.

ಹಲ್ಲಿ

ಬೋಪಾಲ್‌ನ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿ. ಬಾಗಿಲು ತೆಗೆದ ಮಗಳು, "ಬನ್ನಿ, ಅಪ್ಪ ಒಳಗಿದ್ದಾರೆ, ಆದರೆ ಸ್ವಲ್ಪ ಮೇಲಿದ್ದಾರೆ" ಎಂದರು. ಅದೇನೆಂದು ಅರ್ಥವಾಗಲಿಲ್ಲ. ಹಾಲ್‌ಗೆ ಹೋಗಿ ನೋಡಿದರೆ ಎಂಬತ್ತೆರಡು ವರ್ಷದ ಡೈರೆಕ್ಟರು ಪಂಚೆ ಎತ್ತಿ ಕಟ್ಟಿಕೊಂಡು ಸೋಫಾದ ಮೇಲೆ ನಿಂತಿದ್ದಾರೆ. ಕೈಯಲ್ಲಿ ಛತ್ರಿ. ಎದುರಿನ ಗೋಡೆಯಲ್ಲಿ ಒಂದು ಹಲ್ಲಿ, ಕಿರುಬೆರಳಿನಷ್ಟು.

ನಾನು ಪೊರಕೆ ತಗೊಂಡು ಅದನ್ನು ಬಾಲ್ಕನಿಗೆ ಓಡಿಸಿದೆ. ಅವರು ಇಳಿದು, ಪಂಚೆ ಸರಿಮಾಡಿಕೊಂಡು, ಏನೂ ಆಗದವರ ಹಾಗೆ, "ಕಾಫಿ ಕುಡೀತಿಯಾ ಮಗಳೇ?" ಎಂದು ಕೇಳಿದರು. ಮಾತು ಅಪ್ಪಟ ಕಾರ್ಕಳದ ಕಡೆಯದು.

"ಸರ್, ಇಡೀ ದೇಶವನ್ನು ಹೆದರಿಸಿದವರು ನೀವು" ಎಂದೆ, ತಡೆಯಲಾರದೆ.

"ಎಂತ ಮಾಡುದು ಮಾರಾಯ್ತಿ. ದೆವ್ವ ನಾನು ಹೇಳಿದ ಹಾಗೆ ಕೇಳ್ತದೆ. ಹಲ್ಲಿ ಕೇಳುದಿಲ್ಲ."

ಕಾಫಿ ಮುಗಿದ ಮೇಲೆ ಕಾಗದ ಮುಂದಿಟ್ಟೆ. ಅವರು ಪೆನ್ನು ಮುಟ್ಟಲಿಲ್ಲ. "ನನ್ನ ಸಿನಿಮಾ ನೋಡಿ ಈಗಿನವರು ನಗಾಡ್ತಾರೆ ಅಂತ ಕೇಳಿದ್ದೇನೆ. ನಗಾಡ್ಲಿಕ್ಕೆ ನಾನು ಸಿನಿಮಾ ತೆಗೆದದ್ದಲ್ಲ. ನೀನು ನಾಲ್ಕು ಕಡೆ ತೋರಿಸು, ನಾನೂ ಬರ್ತೇನೆ. ಒಬ್ಬರು, ಒಬ್ಬರೇ ಒಬ್ಬರು ಹೆದರಿದ್ರೂ ಸೈನ್ ಹಾಕ್ತೇನೆ. ಇಲ್ಲದಿದ್ರೆ ಆ ರೀಲು ಡಬ್ಬಿಯಲ್ಲೇ ಇರ್ಲಿ" ಎಂದರು.

ಅವರ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ನನ್ನ ಆರು ತಿಂಗಳ ಕೆಲಸ ಈಗ ಯಾರೋ ಒಬ್ಬರ ಎದೆ ಧಸಕ್ಕೆನ್ನುವುದರ ಮೇಲೆ ನಿಂತಿತು.

ಮೊಮ್ಮಗಳ ಪ್ರಶ್ನೆ

ಮೊದಲ ಪ್ರದರ್ಶನ ಮನೆಯಲ್ಲೇ ಆಯಿತು. ಪ್ರೇಕ್ಷಕಿ ಹನ್ನೊಂದು ವರ್ಷದ ಮೊಮ್ಮಗಳು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಹುಡುಗಿ; ಗುಜರಾತಿ, ಹಿಂದಿ ಅರಳು ಹುರಿದಂತೆ, ಕನ್ನಡ ಮಾತ್ರ ತಡವರಿಸಿಕೊಂಡು. ಹಪ್ಪಳದಂಥ ಖಾಖ್ರಾ ಮೆಲ್ಲುತ್ತಾ ಕಣ್ಣು ಮಿಟುಕಿಸದೆ ಪೂರ್ತಿ ನೋಡಿದಳು. ಡೈರೆಕ್ಟರು ಟಿವಿ ನೋಡದೆ ಅವಳ ಮುಖವನ್ನೇ ನೋಡುತ್ತಿದ್ದರು.

ಮುಗಿದ ಮೇಲೆ ಅವಳು ಕೇಳಿದಳು, "ಅಜ್ಜ, ಆ ಆಂಟಿ ಬಾವಿಯಿಂದ ಬಂತು. ಸೀರೆ ಯಾಕೆ ಒದ್ದೆ ಇಲ್ಲ?"

ಡೈರೆಕ್ಟರು ನನ್ನ ಕಡೆ ನೋಡಿದರು. ನಲವತ್ತು ವರ್ಷದಲ್ಲಿ ಒಬ್ಬ ವಿಮರ್ಶಕನೂ ಕೇಳದ ಪ್ರಶ್ನೆ ಅದು.

"ನಾವು ಶೂಟಿಂಗ್ ಮಾಡಿದ್ದು ಮೇ ತಿಂಗಳು ಪುಟ್ಟಿ. ಬಾವಿಯಲ್ಲಿ ನೀರೇ ಇರ್ಲಿಲ್ಲ."

ಹುಡುಗಿ ಖಾಖ್ರಾ ಕೆಳಗಿಟ್ಟಳು. ಯೋಚಿಸಿದಳು. "ನೀರು ಇಲ್ಲ. ಮತ್ತೆ ಅವಳು ಮುಳುಗಿದ್ದು ಹೇಗೆ?"

ಡೈರೆಕ್ಟರು ರಿಮೋಟ್ ತೆಗೆದು ಟಿವಿ ಆರಿಸಿ, "ನಿನಗೆ ಹೋಮ್‌ವರ್ಕ್ ಇಲ್ವಾ?" ಎಂದರು.

ನಡುಗುವ ಕ್ಯಾಮೆರಾ

ಎರಡನೆಯದು ವಡೋದರಾದ ಫತೇಗಂಜ್‌ನಲ್ಲಿ, ಸಿನಿಮಾ ಹುಚ್ಚಿನ ವಿದ್ಯಾರ್ಥಿಗಳ ಗುಂಪೊಂದು ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ. ನಲವತ್ತು ಜನ, ಎಲ್ಲರ ಕೈಯಲ್ಲೂ ನೋಟ್‌ಬುಕ್. ದೆವ್ವ ಮೊದಲ ಮೆಟ್ಟಿಲು ಹತ್ತಿದಾಗ ಬರೆದುಕೊಂಡರು. ಹತ್ತನೇ ಮೆಟ್ಟಿಲಿಗೆ ಬಂದಾಗಲೂ ಬರೆದುಕೊಂಡರು. ದೆವ್ವ ಜಮೀನ್ದಾರನ ಕುತ್ತಿಗೆಗೆ ಕೈ ಹಾಕಿದಾಗ ಎಲ್ಲರೂ ಸೇರಿ ಚಪ್ಪಾಳೆ ತಟ್ಟಿದರು.

"ಹೆದರುವ ಜಾಗದಲ್ಲಿ ಬರೀತಾರಲ್ಲ" ಎಂದು ಡೈರೆಕ್ಟರು ನನ್ನ ಕಿವಿಯಲ್ಲಿ ಹೇಳಿದರು. "ಪರೀಕ್ಷೆ ಉಂಟಾ ಇವರಿಗೆ?"

ಕೊನೆಯಲ್ಲಿ ಕನ್ನಡಕದ ಯುವಕನೊಬ್ಬ ಎದ್ದ. ಬಹಳ ಓದಿಕೊಂಡವನು, ಮಾತಿನಲ್ಲೇ ಗೊತ್ತಾಗುತ್ತಿತ್ತು. "ಸರ್, ಎರಡು ವರ್ಷದಿಂದ ಬರೆಯುತ್ತಿರುವ ನನ್ನ ಪ್ರಬಂಧ ಇಡೀ ಒಂದೇ ದೃಶ್ಯದ ಮೇಲಿದೆ. ದೆವ್ವ ಹತ್ತಿರ ಬಂದಂತೆ ನಿಮ್ಮ ಕ್ಯಾಮೆರಾ ಸಣ್ಣಗೆ ನಡುಗುತ್ತದೆ. ಅಂದರೆ ನೋಡುವವನ ಕಣ್ಣಿಗೇ ಭಯವಾಗಿದೆ. ಇಂಥದ್ದನ್ನು ಆ ಕಾಲದಲ್ಲಿ ಹೇಗೆ ಯೋಚಿಸಿದಿರಿ?"

ಡೈರೆಕ್ಟರು ಪ್ರಾಮಾಣಿಕ ಮನುಷ್ಯ. "ನಮ್ಮ ಕ್ಯಾಮೆರಾದವ ಕೆಂಪಿರುವೆಯ ಗೂಡಿನ ಮೇಲೆ ನಿಂತಿದ್ದ" ಎಂದು ಹಿಂದಿಯಲ್ಲಿ ಹೇಳಿದರು. "ಇರುವೆ ಪ್ಯಾಂಟಿನೊಳಗೆ ಹತ್ತಿತು. ಶಾಟ್ ಮುಗಿಯುವ ತನಕ ತಡ್ಕೊಂಡ, ಪಾಪ. ಆಮೇಲೆ ಪ್ಯಾಂಟು ಬಿಚ್ಚಿ ಓಡಿದ."

ನನಗೆ ಆ ಹುಡುಗನ ಮುಖ ನೋಡಲು ಸಂಕಟ. ಎರಡು ವರ್ಷದ ಕೆಲಸ ಒಂದು ಇರುವೆ ಗೂಡಿನಲ್ಲಿ ಮುಳುಗಿತು ಎಂದುಕೊಂಡೆ. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಸರ್, ಆ ಜಾಗದಲ್ಲಿ ಕ್ಯಾಮೆರಾ ಇಡಬೇಕು ಅಂತ ಹೇಳಿದ್ದು ಯಾರು?"

"ನಾನೇ."

"ಹಾಗಾದರೆ ಇರುವೆಯೂ ನಿಮ್ಮದೇ ಆಯ್ಕೆ" ಎಂದು ಹೇಳಿ, ಕೂತು, ಬರೆದುಕೊಂಡ.

ಕಾರಿನಲ್ಲಿ ವಾಪಸು ಅಹಮದಾಬಾದಿಗೆ ಹೊರಟೆವು. ದಾರಿಯಲ್ಲಿ ಆಣಂದ್ ದಾಟಿದ ಮೇಲೆ ಡೈರೆಕ್ಟರು, "ಅವ ಹೇಳಿದ್ದು ಸರಿ ಅಂತ ಕಾಣ್ತದೆ" ಎಂದರು.

ಭೂತಗನ್ನಡಿ

ಸೂರತ್‌ನ ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಯ ಮಾಲೀಕರೊಬ್ಬರು ಈ ಸಿನಿಮಾದ ಅಭಿಮಾನಿ. ಮಧ್ಯಾಹ್ನದ ಊಟದ ವೇಳೆಯಲ್ಲಿ ತಮ್ಮ ಕೆಲಸಗಾರರಿಗೆಲ್ಲ ತೋರಿಸಬೇಕೆಂದು ಕರೆದರು. ಊಟದ ಹಾಲ್‌ನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಕಿಟಕಿಗೆ ಗೋಣಿತಾಟು ಹೊದಿಸಿ, ಒಳ್ಳೆ ಕತ್ತಲೆ ಮಾಡಿದ್ದರು.

ಇಲ್ಲಿ ಯಾರೂ ಬರೆದುಕೊಳ್ಳಲಿಲ್ಲ, ನಗಲಿಲ್ಲ. ದೆವ್ವ ಮೆಟ್ಟಿಲು ಹತ್ತಿ ಹತ್ತಿ, ಕಡೆಗೆ ಅದರ ಮುಖ ಗೋಡೆತುಂಬ ಬಂದಾಗ ಇಡೀ ಹಾಲ್ ಮುಂದಕ್ಕೆ ಬಾಗಿತು. ಯಾರೋ ಉಸಿರೆಳೆದುಕೊಂಡರು. ಡೈರೆಕ್ಟರು ನನ್ನ ಕೈ ಗಟ್ಟಿಯಾಗಿ ಹಿಡಿದರು. ನಾನು ಚೀಲದಿಂದ ಸಹಿಯ ಕಾಗದ ತೆಗೆದೇಬಿಟ್ಟೆ.

ಆಗ ಮೂರನೇ ಸಾಲಿನಿಂದ ಒಂದು ಧ್ವನಿ ಬಂತು. "ಗಾಜು."

"ಗಾಜಲ್ಲ, ಪುಷ್ಯರಾಗ" ಎಂದ ಇನ್ನೊಬ್ಬ.

"ಮೂಗುತಿ ನೋಡು, ಬೆಳಕು ಹೇಗೆ ಸಾಯುತ್ತಿದೆ. ಗಾಜೇ."

ವಾದ ಜೋರಾಯಿತು. ಮಾಲೀಕರು ಸಿನಿಮಾ ನಿಲ್ಲಿಸಿದರು. ದೆವ್ವ ಬಾಯಿ ತೆರೆದುಕೊಂಡು ಗೋಡೆಯ ಮೇಲೆ ನಿಂತಿತು. ಹತ್ತು ಹದಿನೈದು ಜನ ಎದ್ದು, ಜೇಬಿನಿಂದ ವಜ್ರ ನೋಡುವ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟು, ಅದರ ಮೂಗಿನ ಹತ್ತಿರ ಗುಂಪುಗೂಡಿದರು. ಭೂತವನ್ನು ಭೂತಗನ್ನಡಿಯಲ್ಲಿ ನೋಡಿದವರು ಇವರೇ ಮೊದಲಿಗರಿರಬೇಕು. ಗೋಡೆಯ ಮೇಲಿನ ಬೆಳಕನ್ನು ಹಾಗೆ ನೋಡಿದರೆ ಏನೂ ತಿಳಿಯುವುದಿಲ್ಲ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಕಡೆಗೆ ಎಲ್ಲರಿಗಿಂತ ಹಿರಿಯ ಕೆಲಸಗಾರರೊಬ್ಬರು ನಿಧಾನವಾಗಿ ಎದ್ದು ಬಂದರು. ಎಲ್ಲರೂ ಅವರಿಗೆ ದಾರಿ ಬಿಟ್ಟರು. ಅವರು ಮೂಗುತಿ ನೋಡಿದರು, ಸರ ನೋಡಿದರು, ಬಳೆ ನೋಡಿದರು.

"ಎಲ್ಲ ಗಾಜು" ಎಂದರು. "ಇದನ್ನು ಕೊಟ್ಟವನು ಗಂಡನೇ ತಾನೇ?"

"ಹೌದು" ಎಂದೆ.

"ಮತ್ತೆ ವಾಪಸು ಬರದೆ ಇನ್ನೇನು ಮಾಡುತ್ತಾಳೆ" ಎಂದು ಹೋಗಿ ಕೂತರು.

ಉಡುಪಿ ಹೋಟೆಲಿನಲ್ಲಿ

ಬೇಜಾರಿನಲ್ಲಿ ಡೈರೆಕ್ಟರು ಊಟವನ್ನೂ ಮಾಡಲಿಲ್ಲ. ಸಂಜೆ ಅವರನ್ನು ಸೂರತ್‌ನಲ್ಲೇ ಕುಂದಾಪುರದ ಕಡೆಯವರೊಬ್ಬರ ಹೋಟೆಲಿಗೆ ಕರೆದುಕೊಂಡು ಹೋದೆ. ಊರ ಮಾತು ಕೇಳಿದರೆ ಸರಿಹೋದಾರು ಎಂಬ ಆಸೆ. ಗಲ್ಲಾದಲ್ಲಿದ್ದ ಮಾಲೀಕರು ಹೆಸರು ಕೇಳಿದ್ದೇ ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದರು.

"ನಿಮ್ಮ ಸಿನಿಮಾ ಕಂಡು ನಾನು ಮೂರು ದಿನ ಜ್ವರ ಬಂದು ಮಲಗಿದ್ದೆ ಮಾರಾಯ್ರೆ."

ಡೈರೆಕ್ಟರ ಮುಖ ಅರಳಿತು. "ಹೌದಾ? ಯಾವ ಸೀನಿಗೆ?"

"ಆ ಬೆಕ್ಕು ಮನುಷ್ಯನ ಧ್ವನಿಯಲ್ಲಿ ಮಾತಾಡ್ತದಲ್ಲ, ಅದಕ್ಕೆ."

"ನನ್ನ ಸಿನಿಮಾದಲ್ಲಿ ಬೆಕ್ಕು ಇಲ್ಲ."

"ಇಲ್ವಾ? ಹಾಗಾದ್ರೆ ನಿಮ್ದು ಯಾವುದು?"

"ಮೆಟ್ಟಿಲುಬಾವಿ."

"ಹೋ, ಅದಾ" ಎಂದರು ಮಾಲೀಕರು. ಸ್ವಲ್ಪ ಯೋಚಿಸಿ, "ಅದರಲ್ಲಿ ಹಾಡು ಲಾಯ್ಕ್ ಇತ್ತು" ಎಂದರು.

ಡೈರೆಕ್ಟರು ಇಡ್ಲಿಯನ್ನು ತಟ್ಟೆಯಲ್ಲಿ ಅತ್ತಿಂದಿತ್ತ ತಳ್ಳುತ್ತಾ ಕೂತರು. ಮಾಲೀಕರಿಗೂ ಪಾಪ ಅನ್ನಿಸಿರಬೇಕು. ಬಂದು ಪಕ್ಕದಲ್ಲಿ ಕೂತು, "ಅದರ ದೆವ್ವ ಇಲ್ಲೇ ಇದ್ದಾರೆ ಅಲ್ವಾ. ಪ್ರತಿ ಭಾನುವಾರ ಮಸಾಲೆ ದೋಸೆಗೆ ಬರ್ತಾರೆ, ಗಂಡ ಮಕ್ಕಳ ಜೊತೆ. ಫೋನ್ ಮಾಡ್ಲಾ?" ಎಂದರು.

ದೆವ್ವದ ಮನೆ

ಮರುದಿನ ಬೆಳಿಗ್ಗೆ ನಾವು ಅವರ ಮನೆಯಲ್ಲಿದ್ದೆವು. ಸೂರತ್‌ನವರೇ ಆದ ಆಕೆ ಆ ಒಂದು ಸಿನಿಮಾದಲ್ಲಿ ಮಾತ್ರ ನಟಿಸಿ, ಮದುವೆಯಾಗಿ ಸಂಸಾರಕ್ಕೆ ಇಳಿದವರು. ಈಗ ಅರವತ್ತು ದಾಟಿದೆ, ಬೆಳ್ಳಗಾದ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದರು. ಡೈರೆಕ್ಟರನ್ನು ನೋಡಿ ಕಣ್ಣೊರೆಸಿಕೊಂಡರು, ಒಂದು ಶಾಲು ತಂದು ಹೊದಿಸಿದರು, ತಟ್ಟೆತುಂಬ ಲೋಚೋ ಎಂಬ ಸೂರತ್ತಿನ ಬಿಸಿ ತಿಂಡಿ ಇಟ್ಟರು. ಹಾಲ್‌ನ ಮಧ್ಯೆ ಹಿತ್ತಾಳೆ ಸರಪಳಿಯ ತೂಗುಯ್ಯಾಲೆ. ಅದರಲ್ಲಿ ಅವರ ಅತ್ತೆ ಕೂತಿದ್ದರು. ತೊಂಬತ್ತರ ಹತ್ತಿರದ ಮುದುಕಿ, ಕಣ್ಣು ಮಾತ್ರ ಚುರುಕು.

ಡೈರೆಕ್ಟರು ಮೂರು ದಿನದ ಕಥೆಯನ್ನೆಲ್ಲ ಆಕೆಗೆ ಹೇಳಿಕೊಂಡರು. "ನೀನು ಅಷ್ಟು ಕಷ್ಟಪಟ್ಟೆ. ಈಗ ಯಾರೂ ಹೆದರುವುದಿಲ್ಲ. ಮುಗಿಯಿತು ನಮ್ಮ ಕಾಲ."

ಉಯ್ಯಾಲೆ ನಿಂತಿತು. "ಯಾರು ಹೇಳಿದ್ದು?" ಎಂದು ಅತ್ತೆ ಗುಜರಾತಿಯಲ್ಲಿ ಕೇಳಿದರು.

ನಾವೆಲ್ಲ ತಿರುಗಿ ನೋಡಿದೆವು.

"ನಲವತ್ತು ವರ್ಷದಿಂದ ಈ ಮನೆಯಲ್ಲಿ ಇವಳ ಜೊತೆ ಇದ್ದೇನೆ. ಒಂದು ದಿನ ಎದುರು ಮಾತಾಡಿಲ್ಲ. ಒಳ್ಳೆಯ ಹುಡುಗಿ, ಅದು ಬೇರೆ. ಆದರೆ ಸಂಜೆ ಹೊತ್ತು ಇವಳು ಕೂದಲು ಬಿಚ್ಚಿದಳು ಅಂದರೆ, ನನ್ನ ಕೈಕಾಲು ತಣ್ಣಗಾಗುತ್ತಿತ್ತು. ಇವಳನ್ನು ಅಡುಗೆಮನೆಗೆ ಕರೆಯುವ ಧೈರ್ಯ ಇರಲಿಲ್ಲ. ನಾನೇ ಹೋಗಿ ರೊಟ್ಟಿ ಮಾಡಿಬಿಡುತ್ತಿದ್ದೆ."

ಸೊಸೆ ಲೋಚೋ ಬಡಿಸುತ್ತಾ, ತಲೆ ಎತ್ತದೆ, "ಅದಕ್ಕೇ ನಾನು ದಿನಾ ಬಿಚ್ಚುತ್ತಿದ್ದೆ" ಎಂದರು.

ಡೈರೆಕ್ಟರು ಎದ್ದು ಉಯ್ಯಾಲೆಯ ಹತ್ತಿರ ಹೋದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ. ಮುದುಕಿಯ ಮುಂದೆ ಮೊಣಕಾಲೂರಿ ಕೂತು, ಮೆಲ್ಲಗೆ ಕೇಳಿದರು. "ತಾಯಿ, ಸಿನಿಮಾದಲ್ಲಿ ಯಾವ ದೃಶ್ಯಕ್ಕೆ ಅಷ್ಟು ಹೆದರಿದಿರಿ? ಅವಳು ಮೆಟ್ಟಿಲು ಹತ್ತುವುದಕ್ಕಾ, ಮುಖ ತೋರಿಸುವುದಕ್ಕಾ?"

"ಸಿನಿಮಾ ಎಲ್ಲಿ ನೋಡಿದೆ?" ಎಂದರು ಅತ್ತೆ. "ಥಿಯೇಟರ್ ಹೊರಗೆ ಪೋಸ್ಟರ್ ನೋಡಿದೆ. ಹಾಗೇ ಮನೆಗೆ ಬಂದೆ."

ಉಯ್ಯಾಲೆ ಮತ್ತೆ ಕಿರ್ ಕಿರ್ ಎಂದು ತೂಗತೊಡಗಿತು. ಮುಗಿಯಿತು, ರೀಲು ಡಬ್ಬಿಗೆ ಹೋಯಿತು ಎಂದು ನಾನು ಚೀಲದ ಜಿಪ್ ಎಳೆದುಕೊಂಡೆ. ಅಷ್ಟರಲ್ಲಿ ಡೈರೆಕ್ಟರು ಎದ್ದು ಬಂದು ನನ್ನ ಮುಂದೆ ಕೈ ಚಾಚಿದರು. "ಪೆನ್ನು ಕೊಡು."

ಎಲ್ಲ ಪುಟಕ್ಕೂ ಸಹಿ ಹಾಕಿದರು, ನಿಧಾನವಾಗಿ, ಅಕ್ಷರ ಗುಂಡಾಗಿ. ಕಾಗದ ನನ್ನ ಕೈಗಿತ್ತು ಹೇಳಿದರು:

"ಈಗ ನೋಡಿದವರು ಒಬ್ಬರೂ ಹೆದರಲಿಲ್ಲ. ನೋಡದವರು ನಲವತ್ತು ವರ್ಷ ಹೆದರಿದ್ದಾರೆ. ಹಾಗಾಗಿ ಸಿನಿಮಾ ಧೈರ್ಯವಾಗಿ ಬಿಡುಗಡೆ ಮಾಡು ಮಗಳೇ. ಆದ್ರೆ ಆದಷ್ಟು ಯಾರಿಗೂ ತೋರಿಸ್ಬೇಡ."