ಗಾಲ್ಫಿನಿಂದ ಅಗಸಿಯವರೆಗೆ

ಪಂಚಮಿ ಹತ್ತಿರವಾದಂತೆಲ್ಲ ಸಂಗಮೇಶನ ಬಲಭುಜ ತಾನಾಗಿ ನೋಯತೊಡಗುತ್ತಿತ್ತು. ಇಳಕಲ್ಲಿನ ವೈದ್ಯರು ಈ ಬೇನೆಗೆ ಹೆಸರಿಡಲಾರದೆ ಕೈಚೆಲ್ಲಿದ್ದರು. ಹೆಂಡತಿ ಮಹೇಶ್ವರಿ ಮಾತ್ರ ಅದನ್ನು ‘ತವರುಮನಿ ಬ್ಯಾನಿ’ ಎಂದು ಕರೆಯುತ್ತಿದ್ದಳು. ಹುನಗುಂದದಾಚೆಯ ಅವಳ ತವರೂರಿನಲ್ಲಿ ನಾಗರಪಂಚಮಿಗೆ ಗಂಡಸರು ಲಿಂಬೆಹಣ್ಣು ಒಗೆಯುವ, ಎಂದರೆ ಬೀಸಿ ಎಸೆಯುವ, ಪಂದ್ಯ ನಡೆಯುತ್ತದೆ. ಊರ ಹೆಬ್ಬಾಗಿಲಾದ ಅಗಸಿಯಿಂದ ಹೊರಟು, ಬಿದ್ದಲ್ಲಿಂದ ಮತ್ತೆ ಒಗೆಯುತ್ತ, ಹಿಟ್ಟಿನ ಗಿರಣಿಯ ಕಟ್ಟೆಯನ್ನು ಯಾರು ಕಡಿಮೆ ಒಗೆತಗಳಲ್ಲಿ ಮುಟ್ಟಿಸುತ್ತಾರೋ ಅವರೇ ವಿಜಯಿಗಳು. ಮನೆಯ ಅಳಿಯನಾದವನು ಒಗೆಯಲೇಬೇಕು. ಅದು ಮರ್ಯಾದೆಯ ಪ್ರಶ್ನೆ. (ಯಾರ ಮರ್ಯಾದೆ ಎಂಬುದನ್ನು ಸಂಪ್ರದಾಯ ಸ್ಪಷ್ಟಪಡಿಸಿಲ್ಲ.) ಹೋದ ವರ್ಷ ಸಂಗಮೇಶನ ಹಣ್ಣು ನೇರ ದೌಲತಬಿಯ ಹಿತ್ತಲಿಗೆ ಬಿದ್ದು, ಆಕೆಯ ಆಡು ಅದನ್ನು ಮೂಸಿ ನೋಡಿ ನುಂಗಿ, ಪಂದ್ಯ ಅಲ್ಲಿಗೇ ಮಂಗಳ ಹಾಡಿತ್ತು. ಊರು ಅದನ್ನು ಇನ್ನೂ ಮರೆತಿರಲಿಲ್ಲ.

ಈ ಸಲ ಪಾರಾಗಲು ಅವನಿಗೊಂದು ದಿವ್ಯೋಪಾಯ ಹೊಳೆಯಿತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಸಂಗಮೇಶ ಕೆಲವು ತಿಂಗಳಿಂದ ಟೀವಿಯಲ್ಲಿ ಗಾಲ್ಫ್ ನೋಡುವ ಗೀಳು ಹಚ್ಚಿಕೊಂಡಿದ್ದ. ಹೊರದೇಶದವರು ಇಬ್ಬಿಬ್ಬರು ಆಟಗಾರರನ್ನು ಜೋಡಿ ಮಾಡಿ ಪಣ ಕಟ್ಟುತ್ತಾರೆಂದು ಎಲ್ಲೋ ಓದಿದ್ದ. ಪಂದ್ಯಾವಳಿಯನ್ನು ಯಾರಾದರೂ ಗೆದ್ದುಕೊಳ್ಳಲಿ. ಈ ಇಬ್ಬರಲ್ಲಿ ಯಾರು ಮೇಲು ಎಂಬುದಷ್ಟೇ ಲೆಕ್ಕ. ಹಣ ಕಟ್ಟುವುದು ಸರಕಾರಕ್ಕೆ ಸಮ್ಮತವಿರಲಿಲ್ಲ. ಸರಕಾರಕ್ಕಿಂತ ಮೊದಲೇ ಮಹೇಶ್ವರಿಗೆ ಸಮ್ಮತವಿರಲಿಲ್ಲ. ಆದ್ದರಿಂದ ಹಣವಿಲ್ಲದ ಪಣವೊಂದನ್ನು ಸಂಜೆಯ ಚಹಾದ ಜೊತೆಗೆ ಅವಳ ಮುಂದಿಟ್ಟ.

“ಇಬ್ಬರೊಳಗ ಒಬ್ಬನ್ನ ನಾ ಆರಸ್ತೇನಿ, ಉಳಿದಾಂವ ನಿನಗ. ನಾ ಗೆದ್ದರ ಈ ಪಂಚಮಿಗೆ ಲಿಂಬಿಹಣ್ಣ ಮುಟ್ಟಾಂಗಿಲ್ಲ.”

“ನಾ ಗೆದ್ದರ?”

“ತುಟಿ ಪಿಟಕ್ ಅನ್ನದ ಒಗೀತೇನಿ.”

“ಭುಜದ ನೋವು?”

“ಅದಕ್ಕ ನಾ ಹೇಳ್ತೇನಿ ಬಿಡು.”

ಸ್ಕಾಟ್ಲೆಂಡಿನ ಆಟ ನಮ್ಮ ಸಂಜೆಗೆ ಸರಿಯಾಗಿ ಬರುತ್ತದೆ. ಯಾರು ಎಷ್ಟು ದೂರ ಹೊಡೆಯುತ್ತಾರೆಂಬ ಸರಾಸರಿಗಳನ್ನು ಕೂಲಂಕಷವಾಗಿ ಅಭ್ಯಸಿಸಿದ್ದ ಸಂಗಮೇಶ, ಕೆಂಪು ಟೊಪ್ಪಿಗೆಯ ಭೀಮಕಾಯನೊಬ್ಬನನ್ನು ಆರಿಸಿಕೊಂಡ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಹೇಶ್ವರಿಯ ಪಾಲಿಗೆ, ಪ್ರತಿ ಹೊಡೆತಕ್ಕೂ ಮುನ್ನ ಪ್ಯಾಂಟು ಮೇಲೇರಿಸಿಕೊಳ್ಳುವ ಒಬ್ಬ ನರಪೇತಲ ಉಳಿದ. ಅವಳು ಚವಳಿಕಾಯಿ ಸೋಸುತ್ತ ಕುಳಿತಳು.

ಭೀಮಕಾಯ ಬೀಸಿದ. ಚೆಂಡು ಆಕಾಶದಲ್ಲಿ ಐಕ್ಯವಾಯಿತು.

“ನೋಡಿದ್ಯಾ?”

“ಭಾಳ ದೂರ ಹೋತ್ರಿ. ಎಲ್ಲಿಗೆ ಹೋತು ಅನ್ನೂದು ಅವಂಗೂ ಗೊತ್ತಿದ್ದಂಗಿಲ್ಲ.”

ಚೆಂಡು ಮುಳ್ಳುಕಂಟಿಯೊಂದರಲ್ಲಿ ಪತ್ತೆಯಾಯಿತು. ಅದನ್ನು ಹೊರತೆಗೆಯುವಷ್ಟರಲ್ಲಿ ಭೀಮಕಾಯನ ಹೊಡೆತಗಳೂ ಸಂಗಮೇಶನ ಚಹಾವೂ ವ್ಯರ್ಥವಾದವು. ನರಪೇತಲ ಮಾತ್ರ ಪ್ಯಾಂಟು ಏರಿಸುತ್ತ, ದಾರಿ ಬಿಡದೆ, ದಿನಸಿ ತರಲು ಹೊರಟವನಂತೆ ಸಾಗಿದ.

“ನಮ್ಮ ಕಾಶಪ್ಪಣ್ಣನೂ ಹಿಂಗ ನೋಡ್ರಿ,” ಎಂದಳು ಮಹೇಶ್ವರಿ, ಭೀಮಕಾಯನನ್ನು ತೋರಿಸಿ. “ಒಗದರ ಊರ ಹೊರಗ. ಗೆದ್ದದ್ದು ಮಾತ್ರ ಇಲ್ಲ.”

“ಲಿಂಬಿಹಣ್ಣಿಗೂ ಗಾಲ್ಫಿಗೂ ಏನ್ ಸಂಬಂಧ?”

“ಕಡಿಮಿ ಏಟಿನಾಗ ಮುಟ್ಟಸೂದು. ಮತ್ತೇನೈತ್ರಿ ಅದರಾಗ?”

ಪತ್ರಿಕೆಗಳು ಪುಟಗಟ್ಟಲೆ ಬರೆದೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಕತ್ತಲಾಗುವ ಮೊದಲೇ ನರಪೇತಲ ಗೆದ್ದ. ಸಂಗಮೇಶ ತುಟಿ ಪಿಟಕ್ಕೆನ್ನಲಿಲ್ಲ.

ಪಂಚಮಿಯ ದಿನ ಅಗಸಿಯಲ್ಲಿ ಇನ್ನೊಂದು ಆಘಾತ ಕಾದಿತ್ತು. ಮಹೇಶ್ವರಿಯ ಬಾಯಿಂದ ಜೋಡಿ ಪಣದ ಸುದ್ದಿ ಕೇಳಿದ್ದ ಊರವರು ಅದನ್ನು ಮೆಚ್ಚಿ, ಈ ವರ್ಷದಿಂದ ಜಾರಿಗೇ ತಂದಿದ್ದರು.

“ನಿಮಗ ಜೋಡಿ ಮಲಕಪ್ಪಜ್ಜ,” ಎಂದ ಮಹೇಶ್ವರಿಯ ಅಣ್ಣ ಕಾಶಪ್ಪ. “ನೀವ ತಂದ ಪದ್ಧತಿ ಐತಿ, ಮಾಸ್ತರ. ಬ್ಯಾಡ ಅನಬ್ಯಾಡ್ರಿ.”

ಮಲಕಪ್ಪಜ್ಜ ಊರುಗೋಲನ್ನು ಎಡಗೈಗೆ ಬದಲಿಸಿ ನಕ್ಕ. ಪಣಕ್ಕಿಟ್ಟ ಕೊಬ್ಬರಿ ಬಟ್ಟಲುಗಳೆಲ್ಲ ಅಜ್ಜನ ಕಡೆ ಬಿದ್ದವು. ಸಂಗಮೇಶನ ಕಡೆ ಕಟ್ಟುವವರೇ ಇಲ್ಲ. ಎದುರು ಕಟ್ಟುವವರಿಲ್ಲದೆ ಪಣ ನಡೆಯದು. ಇದೇ ಪಾರಾಗುವ ದಾರಿಯಾದೀತೆಂದು ಅವನು ಆಸೆಪಡುತ್ತಿದ್ದಾಗಲೇ ಹೆಂಗಸರ ಗುಂಪಿನಿಂದ ಮಹೇಶ್ವರಿ ಹೇಳಿದಳು:

“ನಂದು ನಮ್ಮ ಮನಿಯವರ ಮ್ಯಾಲೆ.”

ಜನರೆಲ್ಲ ಅತ್ತ ತಿರುಗಿದರು. ಇಪ್ಪತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ತನ್ನ ಮೇಲೆ ಯಾರಾದರೂ ಏನನ್ನಾದರೂ ಹೀಗೆ ಬಹಿರಂಗವಾಗಿ ಕಟ್ಟಿದ್ದು ಸಂಗಮೇಶನಿಗೆ ನೆನಪಿರಲಿಲ್ಲ. ಅವನು ಪ್ಯಾಂಟು ಮೇಲೇರಿಸಿಕೊಂಡ. ದೂರಕ್ಕೆ ಆಸೆಪಡದೆ, ನೇರವಾಗಿ, ಸಣ್ಣಸಣ್ಣದಾಗಿ ಒಗೆಯುತ್ತ ಹೋದ. ದೌಲತಬಿಯ ಹಿತ್ತಲು ದಾಟಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಹಣ್ಣು ಗಿರಣಿಯ ಕಟ್ಟೆ ಮುಟ್ಟಿತು. ಆ ಕಟ್ಟೆಯ ಮೇಲೆ ಮಲಕಪ್ಪಜ್ಜ ಆಗಲೇ ಕುಳಿತು ಚುರುಮುರಿ ತಿನ್ನುತ್ತಿದ್ದ.

ಅತ್ತೆಯ ಮನೆಗೆ ಮರಳುವಾಗ ಸಂಗಮೇಶ ಮೆಲ್ಲನೆ ಕೇಳಿದ: “ನಾ ಸೋಲ್ತೇನಿ ಅಂತ ನಿನಗ ಗೊತ್ತಿತ್ತಲ್ಲ?”

“ಹೂಂ.”

“ಆದರೂ ನನ್ನ ಮ್ಯಾಲೆ ಕಟ್ಟಿದಿ.”

“ಮತ್ತ ಅಜ್ಜನ ಮ್ಯಾಲೆ ಕಟ್ಟಿ ನಿಮ್ಮ ಮಾರಿ ಹೆಂಗ ನೋಡ್ಲಿ? ಆದರ ಹಣ್ಣು ಮುಟ್ಟಸ್ತೀರಿ ಅನ್ನೂದು ನನಗ ಗೊತ್ತಿರಲಿಲ್ಲ. ಭಾಳ ಚಲೋ ಒಗದ್ರಿ.”

ಇಂಥವಳ ಋಣವನ್ನು ಹೇಗೆ ತೀರಿಸುವುದೆಂದು ಅವನು ತುಂಬಿದ ಮನಸ್ಸಿನಿಂದ ಯೋಚಿಸಿದ. “ಕೊಬ್ಬರಿ ಭಾಳ ಹೋತೇನು?”

“ಒಂದ ಬಟ್ಟಲಾನೂ ಹೋಗಿಲ್ಲರಿ. ಸೋಲೂ ಪಣಕ್ಕ ಕೊಬ್ಬರಿ ಯಾಕ ಕಟ್ಟಲಿ? ನೀವು ಸೋತರ ಓಣಿ ಹೆಣ್ಮಕ್ಕಳನ್ನೆಲ್ಲ ಸಂಜೀತನಕ ಜೋಕಾಲ್ಯಾಗ ತೂಗ್ತೀರಿ ಅಂತ ಹೇಳೇನಿ.”

ಅಂಗಳದ ಬೇವಿನ ಮರದ ಜೋಕಾಲಿಯಲ್ಲಿ ಅತ್ತೆ ಇಂದ್ರಾಬಾಯಿ ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿದ್ದಳು. ಹಿಂದೆ ನೆರೆಮನೆಯ ಶಾರವ್ವ, ಅವಳ ಹಿಂದೆ ಅವಳ ಸೊಸೆಯಂದಿರು ಕಟ್ಟೆಯುದ್ದಕ್ಕೂ ಕುಳಿತಿದ್ದರು. ಸಂಗಮೇಶ ಅಂಗಿಯ ತೋಳು ಮಡಿಸಿದ. ಅವನ ಕೃತಜ್ಞತೆ ಅಷ್ಟು ನಿಜವಾದದ್ದಾಗಿತ್ತು.

“ಅವಸರ ಮಾಡಬ್ಯಾಡ್ರಿ, ಅಳಿಯಂದ್ರ,” ಎಂದಳು ಅತ್ತೆ ಹಗ್ಗ ಬಿಗಿಹಿಡಿಯುತ್ತ, “ಬಾಜೂ ಓಣ್ಯಾನವರಿಗೂ ಹೇಳಿ ಕಳಿಸೇವಿ.”